ಬರೋದಕ್ಕೊಂದು ಕೆಲಸ ಬೇಕು: ಕಲಬುರಗಿಯ ಒಂದು ಮನೆಯ ಪ್ರಕರಣ

ದೂರು ತಂದವನು ದೊಡ್ಡ ಮಗ. "ಅವ್ವ ಈಗೊಂದೆರಡು ತಿಂಗಳಾಯ್ತು, ಯಾರ ಜೋಡಿನೂ ಸರಿ ಮಾತಾಡವಲ್ಲಳು. ಎಲ್ಲರದೂ ಊಟ ಆದ ಮ್ಯಾಲೆ ಒಬ್ಬಾಕೇ ಕೂತು ಉಣ್ತಾಳ. ಎಲ್ಲಾ ಈ ಫೋನಿಂದೇ ಆಗ್ಯದ ನೋಡ್ರಿ. ನೀವು ಬಂದು ನಮ್ಮ ಹುಡುಗರಿಗೆ ನಾಕು ಮಾತು ಹೇಳ್ರಿ" ಎಂದ.

ನಾನು ಸಮಾಜಕಾರ್ಯ ಓದಿದವನು, ಆ ಮನೆಗೆ ಹಳೆಯ ಪರಿಚಯ. ಹುಡುಗರಿಗೆ ಬುದ್ಧಿ ಹೇಳೋ ಕೆಲಸ ನನಗೆ ಮೊದಲಿಂದಲೂ ಇಷ್ಟ ಇಲ್ಲ, ಅದರಿಂದ ಉಪಯೋಗ ಆಗಿದ್ದನ್ನೂ ನಾನು ನೋಡಿಲ್ಲ. ಆದರೆ ಏನಾಗಿದೆ ಅಂತ ಕೂತು ನೋಡೋಣ ಅಂದೆ. ಮನೆಯವರ ಒಪ್ಪಿಗೆ ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಹೆಸರು ಯಾರದ್ದೂ ಹಾಕಿಲ್ಲ, ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿದ್ದೇನೆ.

ಮನೆ ಇರೋದು ಬ್ರಹ್ಮಪುರದ ಹಳೆಯ ಓಣಿಯಲ್ಲಿ. ಅವ್ವನಿಗೆ 72. ಗಂಡ ವಾಡಿ ಜಂಕ್ಷನ್‌ನಲ್ಲಿ ರೈಲ್ವೆ ನೌಕರಿ ಮಾಡಿ ರಿಟೈರ್ ಆಗಿದ್ದವರು, ಈಗಿಲ್ಲ. ಅವರ ಪಿಂಚಣಿ ಅವ್ವನಿಗೆ ಬರುತ್ತದೆ. ದೊಡ್ಡ ಮಗನದು ಗಂಜಿನಲ್ಲಿ, ಅಂದರೆ ಕಾಳುಕಡಿಯ ಸಗಟು ಪೇಟೆಯಲ್ಲಿ, ಅಡತಿ ಅಂಗಡಿ, ತೊಗರಿ ವ್ಯಾಪಾರ. ಸೊಸೆ ಖಾಸಗಿ ಶಾಲೆಯಲ್ಲಿ ಟೀಚರ್. ಮೊಮ್ಮಗಳು ಪಿಯುಸಿ ಎರಡನೇ ವರ್ಷ, ಮೊಮ್ಮಗ ಏಳನೇ ಕ್ಲಾಸು. ಸಣ್ಣ ಮಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಮಗಳನ್ನು ಬೀದರಿಗೆ ಕೊಟ್ಟಿದ್ದಾರೆ. ಆಳಂದ ತಾಲೂಕಿನಲ್ಲಿ ಒಂದಿಷ್ಟು ಹೊಲ ಇದೆ, ಪಾಲಿಗೆ ಹಾಕಿದ್ದಾರೆ. ಈ ಹೊಲದ ವಿಷಯ ಮುಂದೆ ಬರುತ್ತದೆ.

ಮೊದಲು ಎಲ್ಲರ ಫೋನು ಇಸಕೊಂಡು ನೋಡಿದೆ. ಆಂಡ್ರಾಯ್ಡ್ ಸೆಟ್ಟಿಂಗ್ಸ್‌ನಲ್ಲಿ ಡಿಜಿಟಲ್ ವೆಲ್‌ಬೀಯಿಂಗ್ ಅಂತ ಒಂದು ಇರುತ್ತದೆ, 2018ರಿಂದ ಬಂದದ್ದು. ಯಾವ ಆ್ಯಪ್ ಮೇಲೆ ಎಷ್ಟು ಹೊತ್ತು ಕಳೆದಿರಿ ಅಂತ ದಿನದ ಲೆಕ್ಕ ಕೊಡುತ್ತದೆ. ಮನೆಯವರೆಲ್ಲ ಮೊಮ್ಮಗಳ ಮುಖ ನೋಡುತ್ತಾ ಕೂತಿದ್ದರು, ಇವಳದೇ ಮೊದಲ ನಂಬರು ಅಂತ. ಮೊದಲ ನಂಬರು ಬಂದದ್ದು ದೂರು ತಂದ ದೊಡ್ಡ ಮಗನದು. ಎರಡನೇದು ಅವ್ವಂದು! ರಾತ್ರಿ ಯೂಟ್ಯೂಬಿನಲ್ಲಿ ಪ್ರವಚನ ಹಚ್ಚಿ ಮಲಗುತ್ತಾಳೆ, ಒಂದು ಮುಗಿದರೆ ಇನ್ನೊಂದು ತಾನೇ ಶುರು ಆಗುತ್ತದೆ, ಅವಳಿಗೆ ನಿದ್ದೆ ಹತ್ತಿದ ಮೇಲೂ ಅದು ಓಡುತ್ತಲೇ ಇರುತ್ತದೆ. ಹುಡುಗಿ ಪರೀಕ್ಷೆ ವರ್ಷ ಅಂತ ಇನ್‌ಸ್ಟಾಗ್ರಾಮ್ ತಾನೇ ತೆಗೆದುಹಾಕಿದ್ದಳು, ಅದು ಮನೆಯಲ್ಲಿ ಯಾರಿಗೂ ಗೊತ್ತೇ ಇರಲಿಲ್ಲ.

ಹುಡುಗ ಗೇಮ್ ಆಡುತ್ತಾನೆ, ಹೌದು. ವಿಶ್ವ ಆರೋಗ್ಯ ಸಂಸ್ಥೆ ಗೇಮಿಂಗ್ ಡಿಸಾರ್ಡರ್ ಅನ್ನೋದನ್ನು ತನ್ನ ರೋಗಪಟ್ಟಿಯಲ್ಲಿ ಸೇರಿಸಿದೆ, 2022ರ ಜನವರಿಯಿಂದ ಆ ಪಟ್ಟಿ ಜಾರಿಯಲ್ಲಿದೆ. ಆದರೆ ಅದಕ್ಕೆ ಲಕ್ಷಣ ಬೇರೆ. ಆಟದ ಮೇಲೆ ಹಿಡಿತ ತಪ್ಪಬೇಕು, ಓದು, ನಿದ್ದೆ, ಗೆಳೆಯರು ಎಲ್ಲ ಹಿಂದೆ ಬೀಳಬೇಕು, ಅದು ಸಾಮಾನ್ಯವಾಗಿ ವರ್ಷದಷ್ಟು ಕಾಲ ನಡೆದಿರಬೇಕು. ಈ ಹುಡುಗ ಸಂಜೆ ಓಣಿಯಲ್ಲಿ ಕ್ರಿಕೆಟ್ ಆಡಿ ಮೈಯೆಲ್ಲ ಧೂಳು ಮಾಡಿಕೊಂಡು ಬರೋನು. ಹಾಗಾಗಿ ಅವನನ್ನು ಬಿಟ್ಟೆ. ನಿಜಕ್ಕೂ ಅಂಥ ಲಕ್ಷಣ ಕಂಡರೆ ಬೈದು ಕೂಡಬೇಡಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಇದಕ್ಕಂತಲೇ ಶಟ್ ಕ್ಲಿನಿಕ್ ಇದೆ. ಅಷ್ಟು ದೂರ ಆಗಲ್ಲ ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, 14416, ದುಡ್ಡು ಬೀಳಲ್ಲ.

ಅಂತೂ ಗಂಟೆ ಲೆಕ್ಕದಲ್ಲಿ ಏನೂ ಸಿಗಲಿಲ್ಲ. ಅವ್ವ ಯಾಕೆ ಸುಮ್ಮನಾದಳು ಅನ್ನೋದು ಸಿಕ್ಕಿದ್ದು ಮೊಮ್ಮಗನ ಬಾಯಿಂದ.

ಮೈಕಿನ ಬಣ್ಣ

ಅವ್ವನಿಗೆ ಟೈಪ್ ಮಾಡೋಕೆ ಬರೋದಿಲ್ಲ. ವಾಟ್ಸ್ಆ್ಯಪ್‌ನಲ್ಲಿ ಮೈಕ್ ಒತ್ತಿ ಹಿಡಿದು ಮಾತಾಡಿ ಕಳಿಸುತ್ತಾಳೆ. ಬೆಂಗಳೂರಿನ ಮಗನಿಗೆ ದಿನಾ ಒಂದು. ಇವತ್ತು ಪುಂಡಿ ಪಲ್ಯ ಮಾಡಿದ್ದೆವು, ನಳ ಮೂರು ದಿನದಿಂದ ಬಂದಿಲ್ಲ, ಎದುರುಮನಿ ಮುದುಕಿ ಜಾರಿ ಬಿದ್ದಾಳ, ನೀ ಉಂಡಿ? ಇಂಥವು. ಮಗ ಆಫೀಸಿನವರ ಕಾಟಕ್ಕೆ ತನ್ನ ಫೋನಿನಲ್ಲಿ ನೀಲಿ ಟಿಕ್ ಬಂದ್ ಮಾಡಿಟ್ಟಿದ್ದ. ತಾನು ನೋಡಿದೆನೋ ಇಲ್ಲವೋ ಯಾರಿಗೂ ಗೊತ್ತಾಗಲ್ಲ ಅಂತ ಅವನ ಲೆಕ್ಕ. ಆದರೆ ವಾಟ್ಸ್ಆ್ಯಪ್‌ನಲ್ಲಿ ಒಂದು ಸೂಕ್ಷ್ಮ ಇದೆ. ಟಿಕ್ ಬಂದ್ ಮಾಡಿದರೂ ಧ್ವನಿ ಸಂದೇಶ ಕೇಳಿದ ಗುರುತನ್ನು ಬಂದ್ ಮಾಡೋಕೆ ಆಗೋದಿಲ್ಲ. ಕೇಳಿದರೆ ಆ ಸಂದೇಶದ ಪಕ್ಕದ ಪುಟ್ಟ ಮೈಕ್ ನೀಲಿ ಆಗುತ್ತದೆ, ಕೇಳದಿದ್ದರೆ ಬೂದು ಬಣ್ಣದಲ್ಲೇ ಉಳಿಯುತ್ತದೆ.

ಇದನ್ನು ಮೊಮ್ಮಗ ಆಯಿಗೆ ಖುಷಿಯಿಂದ ಹೇಳಿಕೊಟ್ಟಿದ್ದ. "ಆಯಿ, ಕಾಕಾ ಕೇಳ್ಯಾನೋ ಇಲ್ಲೋ ಇಲ್ಲಿ ನೋಡು" ಅಂತ. ಅವ್ವ ಕನ್ನಡಕ ಹಾಕಿಕೊಂಡು, ಬೆರಳಿನಿಂದ ಮೇಲೆ ಮೇಲೆ ಸರಿಸುತ್ತಾ ಹೋಗಿದ್ದಾಳೆ. ಅಲ್ಲೊಂದು ಇಲ್ಲೊಂದು ನೀಲಿ. ಉಳಿದದ್ದೆಲ್ಲ ಬೂದು. ಏನೂ ಅನ್ನಲಿಲ್ಲವಂತೆ, ಫೋನ್ ಕೆಳಗಿಟ್ಟು ಕಾಳು ಹಸನು ಮಾಡೋಕೆ ಎದ್ದು ಹೋದಳಂತೆ. ಮರುದಿನದಿಂದ ಸಂದೇಶ ಬಂದ್. ಮಗನಿಗೆ ಅದು ಬಂದ್ ಆಗಿದ್ದು ವಾರಗಟ್ಟಲೆ ಗೊತ್ತಾಗಲಿಲ್ಲ, ಅದು ಇನ್ನೊಂದು ಪೆಟ್ಟು.

ಮಗನ ಕಡೆಗೂ ನ್ಯಾಯ ಇದೆ. ಆಫೀಸಿನಲ್ಲಿ ಕೂತು ಮೂರು ನಿಮಿಷದ ಮಾತು ಕೇಳೋಕೆ ಆಗಲ್ಲ, ಸಂಜೆ ಕೇಳೋಣ ಅಂತ ಬಿಡ್ತಾನೆ, ಸಂಜೆಗೆ ಅದರ ಮೇಲೆ ಇಪ್ಪತ್ತು ಮೆಸೇಜ್ ಕೂತಿರುತ್ತವೆ. ಯಾರ ಮನೆಯಲ್ಲಿ ಇದು ಇಲ್ಲ ಹೇಳಿ? ಮೊದಲೂ ತಾಯಂದಿರ ಮಾತನ್ನು ಮಕ್ಕಳು ಅರ್ಧ ಕಿವಿಯಲ್ಲೇ ಕೇಳುತ್ತಿದ್ದರು. ವ್ಯತ್ಯಾಸ ಏನಂದರೆ, ಆಗ ಕೇಳದೇ ಇದ್ದದ್ದಕ್ಕೆ ಗುರುತು ಬೀಳುತ್ತಿರಲಿಲ್ಲ. ಈಗ ಬೀಳುತ್ತದೆ, ತಾರೀಖು ಸಮೇತ.

ಡಬ್ಬಿ ಪ್ರಯೋಗ

ಇಷ್ಟು ಗೊತ್ತಾಗೋ ಹೊತ್ತಿಗೆ ದೊಡ್ಡ ಮಗ ತನ್ನದೇ ಒಂದು ಉಪಾಯ ಶುರು ಮಾಡಿದ್ದ. ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾವ್ ಅನ್ನೋ ಹಳ್ಳಿಯ ಸುದ್ದಿ ಎಲ್ಲೋ ನೋಡಿದ್ದ. ಅಲ್ಲಿ 2022ರಿಂದ ದಿನಾ ಸಂಜೆ ಏಳಕ್ಕೆ ಸೈರನ್ ಆಗುತ್ತದೆ, ಊರಿಗೆ ಊರೇ ಒಂದೂವರೆ ತಾಸು ಟಿವಿ, ಮೊಬೈಲ್ ಬಂದ್ ಮಾಡುತ್ತದೆ. ಇವನೂ ಒಂದು ಸ್ಟೀಲ್ ಡಬ್ಬಿ ತಂದಿಟ್ಟ. ರಾತ್ರಿ ಎಂಟರಿಂದ ಒಂಬತ್ತು, ಎಲ್ಲರ ಫೋನೂ ಡಬ್ಬಿಯಲ್ಲಿ, ಎಲ್ಲರೂ ಕೂಡಿ ಊಟ.

ಒಂದು ವಾರವೂ ನಡೆಯಲಿಲ್ಲ. ನಾನು ಒಂದು ಸಂಜೆ ಅಲ್ಲೇ ಇದ್ದೆ. ಮೊದಲು ಡಬ್ಬಿಯ ಮುಚ್ಚಳ ತೆಗೆದವನು ಅವನೇ. ತೊಗರಿ ಸೀಸನ್ನು. ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿತು ಅಂತ ನಾವೆಲ್ಲ ಹೆಮ್ಮೆ ಪಡ್ತೀವಿ, ಆದರೆ ಆ ತೊಗರಿಯ ವ್ಯಾಪಾರ ಈಗ ನಡೆಯೋದು ಫೋನಿನಲ್ಲಿ. ಸ್ಯಾಂಪಲ್ಲಿನ ಫೋಟೋ, ನಾಳೆಯ ಧಾರಣೆ, ಲಾರಿ ಎಲ್ಲಿದೆ ಅನ್ನೋದು, ಎಲ್ಲ ರಾತ್ರಿಯೇ ಬರೋದು. ಸೊಸೆಗೆ ಶಾಲೆಯ ಗ್ರೂಪಿನಲ್ಲಿ ನಾಳೆಯ ಸೂಚನೆ ಎಂಟೂವರೆಗೆ ಬೀಳುತ್ತದೆ. ಹುಡುಗಿಯ ನೋಟ್ಸೂ ಫೋನಿಗೇ ಬರುತ್ತವೆ. ಡಬ್ಬಿಯೊಳಗಿಂದ ಒಂದೊಂದೇ ಗುಂಯ್ ಗುಂಯ್ ಅನ್ನುತ್ತಿದ್ದರೆ ಎಲ್ಲರ ಕಣ್ಣೂ ಅತ್ತ ಕಡೆಗೇ. ಮಾತಿಗೆ ವಿಷಯವೂ ಇಲ್ಲ. ಕೊನೆಗೆ ಅವ್ವನೇ ಹೇಳಿದಳು, "ನನ್ನ ಸಲುವಾಗಿ ನೀವೇನು ಉಪಾಸ ಮಾಡಬ್ಯಾಡ್ರಿ, ತಗೋರಿ ನಿಮ್ಮ ನಿಮ್ಮ ಫೋನ."

ವಡಗಾವ್‌ನಲ್ಲಿ ನಡೆದದ್ದು ಇಲ್ಲಿ ಯಾಕೆ ನಡೆಯಲಿಲ್ಲ? ಅಲ್ಲಿ ಊರಿಗೆ ಊರೇ ಒಟ್ಟಿಗೆ ಬಂದ್ ಮಾಡುತ್ತದೆ, ಹಾಗಾಗಿ ಆ ಹೊತ್ತಿನಲ್ಲಿ ಯಾರ ಮೆಸೇಜಿಗೂ ಯಾರೂ ಕಾಯುತ್ತಾ ಕೂತಿರೋದಿಲ್ಲ. ಒಂದೇ ಮನೆಯಲ್ಲಿ ಮಾಡಿದರೆ ಅದು ಪೊಲೀಸ್ ಕೆಲಸ ಆಗುತ್ತದೆ ಅಷ್ಟೆ.

ಈ ಡಬ್ಬಿ ಪ್ರಯೋಗದಲ್ಲಿ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು, ಗಂಡಸರು ಯಾರೂ ಅದನ್ನು ಎತ್ತಿರಲಿಲ್ಲ. ಎಲ್ಲರೂ ಕೂಡಿ ಉಣ್ಣೋದು ಅಂದರೆ ಬಿಸಿ ಜೋಳದ ರೊಟ್ಟಿ ಒಬ್ಬರು ಬಡಿಯುತ್ತಾ ಇರಬೇಕು. ಆ ಒಬ್ಬರು ಸೊಸೆ. ನಾಲ್ಕು ಜನ ಹೊರಗೆ ಕೂತು "ಎಷ್ಟು ಚಂದ ಆಯ್ತಲ್ಲ, ಎಲ್ಲರೂ ಕೂಡಿ ಉಣ್ಲತ್ತೀವಿ" ಅನ್ನುವಾಗ ಅವಳು ಒಳಗೆ ಹಂಚಿನ ಮುಂದೆ. ದಿನವಿಡೀ ಶಾಲೆಯಲ್ಲಿ ನಿಂತು ಬಂದವಳು. ಮೊದಲಾದರೆ ಒಬ್ಬೊಬ್ಬರೇ ಬಂದಾಗ ಎರಡೆರಡು ಮಾಡಿ ಹಾಕಿ ನಡುವೆ ಫೋನ್ ನೋಡುತ್ತಾ ಕೂಡುತ್ತಿದ್ದಳು, ಈಗ ಅದೂ ಹೋಯಿತು. ಮನುಷ್ಯ ಸಂಬಂಧ ಉಳಿಸಿ ಅಂತ ಭಾಷಣ ಮಾಡೋರು ಆ ಸಂಬಂಧಕ್ಕೆ ರೊಟ್ಟಿ ಯಾರು ಬಡಿಯಬೇಕು ಅನ್ನೋದನ್ನು ಸ್ವಲ್ಪ ಯೋಚಿಸಬೇಕು ಅಲ್ವಾ?

ಯಾವ ಕೆಲಸ ಎಲ್ಲಿಗೆ ಹೋಯಿತು

ಆಮೇಲೆ ಫೋನಿನ ವಿಷಯ ಬಿಟ್ಟು ಅವ್ವನ ಹತ್ತಿರ ಬೇರೆ ಮಾತು ತೆಗೆದೆ. ಹತ್ತು ವರ್ಷದ ಹಿಂದೆ ಈ ಮನೆಗೆ ಯಾರು ಯಾರು ಬರ್ತಿದ್ದರು, ಯಾಕೆ ಬರ್ತಿದ್ದರು? ನೀವು ಎಲ್ಲೆಲ್ಲಿ ಹೋಗ್ತಿದ್ರಿ, ಯಾರ ಜೊತೆ? ಇದನ್ನು ಕೇಳಿದ್ದೇ ತಡ, ಎರಡು ತಿಂಗಳಿಂದ ಬಾಯಿ ಬಿಡದವಳು ಚಹಾ ಆರಿಹೋದರೂ ಮಾತು ನಿಲ್ಲಿಸಲಿಲ್ಲ.

ಲೈಟ್ ಬಿಲ್ ಕಟ್ಟೋಕೆ ಸಣ್ಣ ಮಗ ಹೋಗುತ್ತಿದ್ದ, ಬಿಲ್ ಕಟ್ಟಿದ ಚೀಟಿ ಅವ್ವನ ಕೈಗೆ ಕೊಟ್ಟು, ಉಳಿದ ಚಿಲ್ಲರೆಗೆ ಜಗಳ. ಲಗ್ನಪತ್ರಿಕೆ ಅಂದರೆ ಗಂಡ ಹೆಂಡತಿ ಇಬ್ಬರೂ ಮನೆಗೆ ಬಂದು, ಕುಂಕುಮ ಹಚ್ಚಿ, ಕೂತು ಚಹಾ ಕುಡಿದು, ಹುಡುಗನ ಮನೆತನದ ಪೂರ್ತಿ ಚರಿತ್ರೆ ಹೇಳಿ ಹೋಗಬೇಕಿತ್ತು. ಈಗ ಪಿಡಿಎಫ್ ಬರುತ್ತದೆ, ಕೆಳಗೆ "ಇದನ್ನೇ ಖುದ್ದು ಆಮಂತ್ರಣ ಎಂದು ತಿಳಿಯಿರಿ" ಅಂತ ಒಂದು ಸಾಲು. ಪಾಲಿನ ರೈತ ಸುಗ್ಗಿ ಆದ ಮೇಲೆ ತೊಗರಿ ಚೀಲದ ಜೊತೆ ಬಂದು ಪಡಸಾಲೆಯಲ್ಲಿ ಕೂತು ಲೆಕ್ಕ ಒಪ್ಪಿಸುತ್ತಿದ್ದ, ಅವನ ಹೆಂಡತಿ ಅವ್ವನಿಗಂತ ಕೈಯಲ್ಲಿ ಶೇಂಗಾ ಹಿಂಡಿ (ಚಟ್ನಿಪುಡಿ) ಡಬ್ಬಿ ಕೊಟ್ಟು ಕಳಿಸುತ್ತಿದ್ದಳು. ಈಗ ದುಡ್ಡು ಫೋನ್‌ಪೇಯಲ್ಲಿ ದೊಡ್ಡ ಮಗನ ಖಾತೆಗೆ ಬೀಳುತ್ತದೆ, ಲೆಕ್ಕ ಅಣ್ಣತಮ್ಮರ ನಡುವೆ ವಾಟ್ಸ್ಆ್ಯಪ್‌ನಲ್ಲಿ ಮುಗಿಯುತ್ತದೆ.

ನವೆಂಬರ್ ತಿಂಗಳ ವಿಷಯ ಮಾತ್ರ ಅವಳು ಎರಡು ಸಲ ಹೇಳಿದಳು. ಪಿಂಚಣಿದಾರರು ಪ್ರತಿ ವರ್ಷ ನವೆಂಬರಿನಲ್ಲಿ ತಾವು ಬದುಕಿದ್ದೇವೆ ಅಂತ ಜೀವನ ಪ್ರಮಾಣಪತ್ರ ಕೊಡಬೇಕು. ಮೊದಲು ಬ್ಯಾಂಕಿಗೆ ಹೋಗಬೇಕಿತ್ತು. ದೊಡ್ಡ ಮಗ ಅವತ್ತು ಅಂಗಡಿ ಮುನೀಮನ ಕೈಗೆ ಬಿಟ್ಟು ಆಟೋ ತರುತ್ತಿದ್ದ. ಬ್ಯಾಂಕಿನಲ್ಲಿ ಗಂಡನ ಕಾಲದ ರೈಲ್ವೆಯವರ ಹೆಂಡಂದಿರು ಸಿಗುತ್ತಿದ್ದರು, ಯಾರ ಮೊಣಕಾಲು ಹೆಂಗಿದೆ, ಯಾರು ಈ ವರ್ಷ ಬಂದಿಲ್ಲ ಅನ್ನೋದು ಅಲ್ಲೇ ತಿಳಿಯುತ್ತಿತ್ತು. ಬರುವಾಗ ಸೂಪರ್ ಮಾರ್ಕೆಟ್‌ನಲ್ಲಿ ಸಾಮಾನು, ಮಾಲ್ಪುರಿ, ಶಹಾಬಜಾರದಲ್ಲಿ ತಂಗಿಯ ಮನೆ. ಮನೆ ಸೇರುವಾಗ ಸಂಜೆ.

2014ರ ನವೆಂಬರಿನಲ್ಲಿ ಸರ್ಕಾರ ಜೀವನ್ ಪ್ರಮಾಣ್ ಅಂತ ಡಿಜಿಟಲ್ ವ್ಯವಸ್ಥೆ ತಂದಿತು, 2021ರಿಂದ ಮುಖ ತೋರಿಸಿದರೂ ಸಾಕು ಅಂತಾಯಿತು. ಹಾಸಿಗೆ ಹಿಡಿದವರಿಗೆ ಇದು ದೊಡ್ಡ ಉಪಕಾರ, ಅದರಲ್ಲಿ ಎರಡು ಮಾತಿಲ್ಲ. ಈ ಮನೆಯಲ್ಲಿ ಹೇಗೆ ನಡೆಯಿತು ಅಂದರೆ, ಮೊಮ್ಮಗಳು ಅಡುಗೆಮನೆಗೆ ಬಂದು ಫೋನ್ ಹಿಡಿದಳು. "ಆಯಿ, ಇಲ್ಲಿ ನೋಡು. ಕಣ್ಣು ಮಿಟುಕಿಸು. ಇನ್ನೊಮ್ಮೆ. ಹಾಂ, ಆಯ್ತು." ಅವ್ವನ ಕೈಯಲ್ಲಿ ಹಿಟ್ಟು ಹಾಗೇ ಇತ್ತು. ಹುಡುಗಿ ಓದೋಕೆ ಹೋದಳು. ಅವ್ವ ನನಗೆ ಹೇಳಿದ್ದು: "ನಾ ಜೀವಂತ ಅದೀನಿ ಅಂಬೋದು ಎರಡ ನಿಮಿಷದಾಗ ಮುಗೀತು ನೋಡ್ರಿ." ನಕ್ಕೇ ಹೇಳಿದಳು.

ಇಲ್ಲಿ ನನಗೆ ಪ್ರಕರಣ ತಿಳಿಯಿತು. ನಮ್ಮ ಕಡೆ ಯಾರೂ "ನಿನ್ನ ಜೊತೆ ಸಮಯ ಕಳೆಯೋಕೆ ಬಂದೆ" ಅಂತ ಬರೋದಿಲ್ಲ. ಹಾಗೆ ಯಾರಾದರೂ ಬಂದರೆ ಸಾಲ ಕೇಳೋಕೆ ಬಂದಿದ್ದಾನಾ ಅಂತ ಅನುಮಾನ ಪಡ್ತೀವಿ. ಒಂದು ಕೆಲಸ ಹಿಡಿದುಕೊಂಡು ಬರ್ತೀವಿ, ಕೆಲಸ ಐದು ನಿಮಿಷದ್ದು, ಕೂಡೋದು ಎರಡು ತಾಸು. ಫೋನು ಆ ಐದು ನಿಮಿಷದ ಕೆಲಸವನ್ನು ಚೊಕ್ಕವಾಗಿ ಮಾಡಿಕೊಟ್ಟಿತು. ಅದರ ಜೊತೆಗೆ ಎರಡು ತಾಸೂ ಹೋಯಿತು, ಅದನ್ನು ಯಾರೂ ಲೆಕ್ಕ ಹಿಡಿಯಲಿಲ್ಲ. ಈ ಮನೆಯಲ್ಲಿ ಯಾರಿಗೂ ಯಾರ ಮೇಲೂ ಸಿಟ್ಟಿರಲಿಲ್ಲ, ಒಬ್ಬರಿಗೊಬ್ಬರ ಕೆಲಸ ಇರಲಿಲ್ಲ ಅಷ್ಟೆ.

ಇದು ಯಾವಾಗಿನಿಂದ ಅಂತ ಕೇಳಿದರೆ ಎಲ್ಲರೂ ಕೋವಿಡ್ ಕಡೆ ಬೆರಳು ತೋರಿಸುತ್ತಾರೆ. ಇಲ್ಲಿ ಅದು ಸುಮ್ನೆ ಹೇಳೋ ಮಾತಲ್ಲ. ದೇಶದ ಮೊದಲ ಕೋವಿಡ್ ಸಾವು ಕಲಬುರಗಿಯ ಹಿರಿಯರೊಬ್ಬರದು, 2020ರ ಮಾರ್ಚ್ 10. ಉಳಿದ ದೇಶಕ್ಕಿಂತ ಮೊದಲೇ ಈ ಊರು ಬಾಗಿಲು ಹಾಕಿಕೊಂಡಿತು, ವಯಸ್ಸಾದವರಿರೋ ಮನೆಗೆ ಹೋಗೋದೇ ತಪ್ಪು ಅನ್ನೋ ಭಯ ಇಲ್ಲಿ ಮೊದಲು ಹುಟ್ಟಿತು. ಆಗ ಈ ಮನೆಯನ್ನು ಹಿಡಿದು ನಿಲ್ಲಿಸಿದ್ದೇ ವಿಡಿಯೋ ಕಾಲು. ಅವ್ವನಿಗೆ ಸ್ಮಾರ್ಟ್‌ಫೋನ್ ಬಂದದ್ದೂ ಆವಾಗಲೇ. ಭಯ ಹೋಯಿತು, ರೂಢಿ ಉಳಿಯಿತು. ದಾರಿಯೇನೋ ಸಲೀಸಾಗಿದೆ: ಬೀದರ್-ಕಲಬುರಗಿ ರೈಲು ಮಾರ್ಗ 2017ರ ಅಕ್ಟೋಬರಿನಲ್ಲಿ ಶುರುವಾಯಿತು, ಬೆಂಗಳೂರಿಗೆ 2024ರ ಮಾರ್ಚಿನಿಂದ ವಂದೇ ಭಾರತ್ ಇದೆ. ಹುಮನಾಬಾದ್ ಮೇಲೆ ಕುಲುಕಾಡೋ ಬಸ್ಸಿನಲ್ಲಿ ತಿಂಗಳಿಗೊಮ್ಮೆ ಬರುತ್ತಿದ್ದ ಮಗಳು ರೈಲು ಬಂದ ಮೇಲೆ ಹಬ್ಬಕ್ಕೆ ಮಾತ್ರ ಬರುತ್ತಾಳೆ.

ಕೂಲರನ್ನೂ ನಾನು ಆರೋಪಿಗಳ ಪಟ್ಟಿಗೆ ಸೇರಿಸುತ್ತೇನೆ. ಬೇಸಿಗೆಯಲ್ಲಿ 42 ಡಿಗ್ರಿ ದಾಟೋ ಊರು ಇದು, ಮೊದಲು ಇಡೀ ಮನೆ ಮಾಳಿಗೆ ಮೇಲೆ ಸಾಲಾಗಿ ಮಲಗುತ್ತಿತ್ತು, ನಿದ್ದೆ ಬರೋವರೆಗೆ ಮಾತು. ಈಗ ರೂಮಿಗೊಂದು ಕೂಲರು, ಬಾಗಿಲು ಮುಚ್ಚಿಕೊಂಡು ಒಬ್ಬೊಬ್ಬರು. ಫೋನ್ ಆಮೇಲೆ ಬಂದು ಆ ಬಾಗಿಲ ಹಿಂದೆ ಸೇರಿಕೊಂಡಿತು.

ಏನು ಬದಲಾಯಿತು

ನಾನು ಸೂಚಿಸಿದ್ದು ಒಂದೇ: ಫೋನಿಗೆ ಕೊಟ್ಟ ಕೆಲಸಗಳಲ್ಲಿ ಒಂದೆರಡನ್ನು ವಾಪಸ್ ಮನುಷ್ಯರ ಕೈಗೆ ಕೊಡಿ, ಉಳಿದದ್ದು ಫೋನಿನಲ್ಲೇ ಇರಲಿ. ಲೈಟ್ ಬಿಲ್ಲಿಗೆ ಮತ್ತೆ ಸಾಲಿನಲ್ಲಿ ನಿಲ್ಲಿ ಅಂತ ಯಾರಿಗೂ ಹೇಳೋಕೆ ಆಗಲ್ಲ, ಹೇಳಲೂ ಬಾರದು.

ನವೆಂಬರಿನ ಬ್ಯಾಂಕ್ ವಾಪಸ್ ಬಂತು. ಡಿಜಿಟಲ್ ಬಂದರೂ ಬ್ಯಾಂಕಿಗೆ ಹೋಗಿ ಕೊಡೋ ದಾರಿ ಮುಚ್ಚಿಲ್ಲ. ದೊಡ್ಡ ಮಗನಿಗೆ ಮೊದಲು ಇದು ಹುಚ್ಚುತನ ಅನ್ನಿಸಿತು. "ಎರಡು ನಿಮಿಷದ ಕೆಲಸಕ್ಕ ಅರ್ಧ ದಿನ ಕೆಡಿಸಬೇಕೇನ್ರಿ?" ಎಂದ. ಹೌದು, ಕೆಡಿಸಬೇಕು ಎಂದೆ. ಕೆಡಿಸಿದ. ಬ್ಯಾಂಕಿನಲ್ಲಿ ಈಗ ಹಳೆಯವರು ಕಮ್ಮಿ, ಎಲ್ಲರ ಮನೆಯಲ್ಲೂ ಕಣ್ಣು ಮಿಟುಕಿಸಿಯೇ ಮುಗಿಯುತ್ತದಲ್ಲ. ಆದರೂ ವಾಡಿಯ ಕಾಲದ ಒಬ್ಬಾಕೆ ಸಿಕ್ಕಿದ್ದಳು, ಇಬ್ಬರೂ ನಂಬರ್ ಬದಲಿಸಿಕೊಂಡು ಬಂದಿದ್ದಾರೆ. ಈಗ ಅವರಿಬ್ಬರೂ ಒಬ್ಬರಿಗೊಬ್ಬರು ಧ್ವನಿ ಸಂದೇಶ ಕಳಿಸುತ್ತಾರೆ, ಆ ಕಡೆಯ ಮೈಕ್ ತಕ್ಷಣ ನೀಲಿ ಆಗುತ್ತದೆ.

ದೊಡ್ಡ ಬದಲಾವಣೆ ಹೊಲದ್ದು. ಪಾಲಿನ ರೈತನನ್ನು ಮುಂದುವರಿಸಬೇಕಾ, ಲಾವಣಿಗೆ (ಗುತ್ತಿಗೆಗೆ) ಹಾಕಬೇಕಾ ಅಂತ ಅಣ್ಣತಮ್ಮರು ಚಾಟ್‌ನಲ್ಲಿ ಚರ್ಚೆ ಮಾಡುತ್ತಿದ್ದರು. ಹೊಲದ ವಿಷಯ ಇಬ್ಬರಿಗಿಂತ ಜಾಸ್ತಿ ಗೊತ್ತಿರೋದು ಅವ್ವನಿಗೆ. ಬದು ಎಲ್ಲಿ, ಯಾವ ಮೂಲೆಯಲ್ಲಿ ನೀರು ನಿಂತು ತೊಗರಿ ಕೊಳೆಯುತ್ತದೆ, ಪಕ್ಕದ ಹೊಲದವರ ಜೊತೆ ಯಾವ ವರ್ಷ ಏನು ಮಾತಾಗಿತ್ತು, ಎಲ್ಲ ತಲೆಯಲ್ಲಿ. ಚಾಟ್ ನಿಲ್ಲಿಸಿ, ಭಾನುವಾರ ಫೋನ್ ಮಾಡಿ, ಸ್ಪೀಕರ್ ಹಾಕಿ, ಅವ್ವನನ್ನು ಕೂಡಿಸಿಕೊಂಡು ಮಾತಾಡಿ ಎಂದೆ. ಮೊದಲ ಭಾನುವಾರವೇ ತಾಯಿ ಮಗನಿಗೆ ಜಗಳ ಬಿತ್ತು. ಸಣ್ಣ ಮಗ ಪಹಣಿ ಆನ್‌ಲೈನಿನಲ್ಲಿ ತೆಗೆದು "ಇದರಾಗ ಹಿಂಗ ಅದ" ಅಂದ, ಅವ್ವ "ನಿನ್ನ ಕಾಗದಕ್ಕೇನು ಗೊತ್ತು" ಅಂದಳು. ಅವಳ ದನಿ ಓಣಿಗೆಲ್ಲ ಕೇಳಿತಂತೆ. ದೊಡ್ಡ ಮಗ ಗಾಬರಿಯಾಗಿ ನನಗೆ ಫೋನ್ ಮಾಡಿದ. ನಾನು ಒಳ್ಳೆಯ ಲಕ್ಷಣ ಅಂದೆ. ಹೋದ ಎಳ್ಳ ಅಮಾವಾಸ್ಯೆಗೆ ಸಣ್ಣ ಮಗ ಆ ಬದು ನೋಡೋಕಂತಲೇ ರಜೆ ಹಾಕಿ ಬಂದ. ಹೊಲದಲ್ಲಿ ಚರಗ ಚೆಲ್ಲಿ (ಭೂಮಿತಾಯಿಗೆ ಎಡೆ ಚೆಲ್ಲಿ), ಸಜ್ಜಿ ರೊಟ್ಟಿ ಭಜ್ಜಿ ಪಲ್ಯ ಉಂಡು, ಅವ್ವ ಕೋಲು ಹಿಡಿದು ಮುಂದೆ ಮುಂದೆ ನಡೆದು ತೋರಿಸಿದಳು. ಬದು ಎಲ್ಲಿ ಅನ್ನೋದರಲ್ಲಿ ಅವಳು ಹೇಳಿದ್ದೇ ಸರಿ ಇತ್ತು. ಲಾವಣಿ ವಿಷಯ ಇನ್ನೂ ತೀರ್ಮಾನ ಆಗಿಲ್ಲ, ಬೇಗ ಆಗೋದು ಬೇಡ ಅಂತ ನನ್ನ ಆಸೆ.

ರೊಟ್ಟಿಯ ಪ್ರಶ್ನೆ ಸುಲಭದಲ್ಲಿ ಬಗೆಹರಿಯಿತು. ವಾರದಲ್ಲಿ ಮೂರು ರಾತ್ರಿ ಖಡಕ್ ರೊಟ್ಟಿ. ನಮ್ಮಲ್ಲಿ ಮನೆಯಲ್ಲೇ ರೊಟ್ಟಿ ಮಾಡಿ ಮಾರೋ ಹೆಣ್ಣುಮಕ್ಕಳು ಓಣಿಗೊಬ್ಬರು ಸಿಗುತ್ತಾರೆ, ದೊಡ್ಡ ಮಗ ಅಂಗಡಿಯಿಂದ ಬರುವಾಗ ಕಟ್ಟಿಸಿಕೊಂಡು ಬರುತ್ತಾನೆ. ಆ ಮೂರು ದಿನ ಸೊಸೆಯೂ ಕೂಡುತ್ತಾಳೆ. ಡಬ್ಬಿ ಇಲ್ಲ. ಫೋನ್ ಪಕ್ಕದಲ್ಲೇ ಇರುತ್ತದೆ, ಗಂಜಿನ ಕಾಲ್ ಬಂದರೆ ಎದ್ದು ಹೋಗಿ ಮಾತಾಡಿ ಬರುತ್ತಾನೆ.

ಹಾಗೇ ಉಳಿದದ್ದೂ ಇದೆ. ಬೀದರಿನ ಮಗಳ ಬರೋದು ಹೋಗೋದು ಹೆಚ್ಚಾಗಿಲ್ಲ, ಅವಳ ಮನೆಯಲ್ಲಿ ಬೇರೆ ತೊಂದರೆ ಇವೆ, ಅವಕ್ಕೂ ಫೋನಿಗೂ ಸಂಬಂಧ ಇಲ್ಲ. ಅವ್ವನ ರಾತ್ರಿ ಪ್ರವಚನ ಹಾಗೇ ಓಡುತ್ತದೆ, ತಾನೇ ಮುಂದಿನದು ಶುರು ಆಗೋದನ್ನು ಮಾತ್ರ ಮೊಮ್ಮಗ ಬಂದ್ ಮಾಡಿಕೊಟ್ಟಿದ್ದಾನೆ. ಸಣ್ಣ ಮಗನಿಗೆ ಅವ್ವ ದಿನಾ ಸಂದೇಶ ಕಳಿಸೋದನ್ನು ಮತ್ತೆ ಶುರು ಮಾಡಿಲ್ಲ. ಅವನು ಕೇಳಿದಾಗ "ಐತವಾರ ಹೇಳ್ತೀನಿ ಬಿಡು" ಅಂತಾಳೆ.

ಸೊಸೆ ಭಾನುವಾರದ ಸ್ಪೀಕರ್ ಸಭೆಗೆ ಬರೋದಿಲ್ಲ. ಹೊಲ ನಿಮ್ಮದು, ಮಾತೂ ನಿಮ್ಮದೇ ಇರಲಿ ಅಂತ ಹೇಳಿ, ಆ ಒಂದು ತಾಸು ಮೇಲಿನ ರೂಮಿನಲ್ಲಿ ಕೂಲರ್ ಹಚ್ಚಿ, ಇಯರ್‌ಫೋನ್ ಹಾಕಿಕೊಂಡು ಫೋನಿನಲ್ಲಿ ಧಾರಾವಾಹಿ ನೋಡುತ್ತಾಳೆ. ಅವಳನ್ನೂ ಕೆಳಗೆ ಕರೆದು ಕೂಡಿಸಿರಿ ಅಂತ ಗಂಡ ನನ್ನ ಹತ್ತಿರ ಬಂದಿದ್ದ. ಆಗಲ್ಲ ಅಂದೆ.